ನೂಲಿನಿಂದ ಲೈನುಮನೆಗೆ: ಕೊಪ್ಪ ಸೀಮೆಯಲ್ಲಿ ಒಂದು ಇಂಗ್ಲಿಷ್ ಪದದ ಅರ್ಥಚರಿತ್ರೆ

ಕನ್ನಡದ ಉಪಭಾಷಾ ಅಧ್ಯಯನಗಳಲ್ಲಿ ಇಂಗ್ಲಿಷಿನಿಂದ ಬಂದ ಪದಗಳಿಗೆ ದೊರೆತಿರುವ ಸ್ಥಾನ ಬಹಳ ಕಿರಿದು. ಪ್ರದೇಶವೊಂದರ ಪದಸಂಗ್ರಹಕ್ಕೆ ಹೊರಟವರು ಸಹಜವಾಗಿಯೇ ದೇಶ್ಯ ಪದಗಳನ್ನು ಅರಸುತ್ತಾರೆ. ಬಸ್ಸು, ಲೈಟು, ಲೈನು ಮುಂತಾದವು ಕಿವಿಗೆ ಬಿದ್ದರೂ ಅವು ಟಿಪ್ಪಣಿ ಪುಸ್ತಕವನ್ನು ಸೇರುವುದಿಲ್ಲ. ಎರವಲು ಪದಕ್ಕೆ ಎಲ್ಲೆಡೆಯೂ ಒಂದೇ ಅರ್ಥ, ಆ ಅರ್ಥ ಇಂಗ್ಲಿಷ್ ನಿಘಂಟಿನಲ್ಲಿಯೇ ಇದೆ ಎಂಬ ನಂಬಿಕೆ ಇದರ ಹಿಂದೆ ಕೆಲಸ ಮಾಡುತ್ತಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಬಳಕೆಯಲ್ಲಿರುವ ‘ಲೈನು’ ಎಂಬ ಒಂದೇ ಪದವನ್ನು ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಈ ಪದಕ್ಕೆ ಇಲ್ಲಿ ಮನೆ ಎಂಬ ಅರ್ಥವಿದೆ. ಅದೂ ಯಾವುದೋ ಒಂದು ಮನೆಯಲ್ಲ. ಒಂದು ವರ್ಗದ ಜನ ಮಾತ್ರ ವಾಸಿಸುವ, ವಾಸಿಸುವವರಿಗೆ ಒಡೆತನವಿಲ್ಲದ ಮನೆ.

ಮೊದಲು ಪದದ ಮೂಲವನ್ನು ನೋಡಬಹುದು. ಇಂಗ್ಲಿಷಿನ ಲೈನ್ ಪದದ ಹಿಂದೆ ಇರುವುದು ಲ್ಯಾಟಿನ್ ಭಾಷೆಯ ‘ಲೀನೆಯ’. ಅದರ ಅರ್ಥ ನಾರಿನ ದಾರ. ಅದಕ್ಕೂ ಹಿಂದೆ ‘ಲೀನುಮ್’, ಎಂದರೆ ನಾವು ಅಗಸೆ ಎಂದು ಕರೆಯುವ ಗಿಡ. ಅಗಸೆಯ ನಾರಿನಿಂದ ನೇಯ್ದ ಬಟ್ಟೆ ಲಿನನ್. ಅದನ್ನು ಅಂಗಿಯ ಒಳಮೈಗೆ ಹಚ್ಚಿ ಹೊಲಿದರೆ ಲೈನಿಂಗ್. ಅಗಸೆಬೀಜದ ಎಣ್ಣೆಯಿಂದ ತಯಾರಾಗುವ ನೆಲಹಾಸು ಲಿನೋಲಿಯಂ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಹಗ್ಗ ಎಂಬ ಅರ್ಥ ಪ್ರಧಾನವಾಗಿತ್ತು. ಫ್ರೆಂಚಿನ ಮೂಲಕ ಎರಡನೆಯ ಬಾರಿ ಬಂದ ಅದೇ ಲ್ಯಾಟಿನ್ ಪದವು ಮಧ್ಯಕಾಲೀನ ಇಂಗ್ಲಿಷಿನಲ್ಲಿ ಮೊದಲಿನದರೊಂದಿಗೆ ಬೆರೆತುಹೋಯಿತು. ಬಿಗಿಯಾಗಿ ಎಳೆದು ಹಿಡಿದ ಹಗ್ಗ ನೇರವಾಗಿರುತ್ತದೆಯಾದ್ದರಿಂದ ಅದರಿಂದ ಗೆರೆ, ಗೆರೆಯಿಂದ ಸಾಲು, ಸಾಲಿನಿಂದ ಬರಹದ ಪಂಕ್ತಿ, ಸೈನಿಕರ ವ್ಯೂಹ, ವಂಶಾವಳಿ, ಸಂಚಾರದ ಮಾರ್ಗ, ಕಸುಬು ಎಂಬ ಅರ್ಥಗಳು ಒಂದೊಂದಾಗಿ ಕವಲೊಡೆದವು. ದಾರದಿಂದ ಅಮೂರ್ತ ಪರಿಕಲ್ಪನೆಗೆ ಏರುವ ಈ ಕ್ರಮ ನಮಗೆ ಅಪರಿಚಿತವೇನಲ್ಲ. ಸಂಸ್ಕೃತದ ‘ಸೂತ್ರ’ವೂ ನೂಲೇ ಆಗಿದ್ದು ಬಳಿಕ ನಿಯಮವಾಯಿತು, ಗ್ರಂಥಪ್ರಕಾರವಾಯಿತು.

ಕನ್ನಡದಲ್ಲಿ ಲೈನ್ ಪದದ ಅರ್ಥಕ್ಷೇತ್ರವನ್ನು ಹಂಚಿಕೊಂಡಿರುವ ಪದಗಳು ಹಲವು. ಕೊರೆದದ್ದು, ಎಳೆದದ್ದು ಗೆರೆ ಅಥವಾ ಗೀಟು. ಉತ್ತದ್ದು, ನೆಟ್ಟದ್ದು ಸಾಲು. ನೇಗಿಲು ಬಿಟ್ಟುಹೋಗುವ ಗುರುತಿಗೂ ಸಾಲು ಎಂಬ ಹೆಸರಿದೆ. ತಮಿಳಿನ ಸಜಾತಿ ಪದಕ್ಕೂ ಉಳುಮೆಯ ಈ ಅರ್ಥವೇ ಇರುವುದರಿಂದ ಸಾಲಿನ ಕಲ್ಪನೆ ನಮ್ಮಲ್ಲಿ ಹಗ್ಗದಿಂದಲ್ಲ, ಹೊಲದಿಂದ ಬಂದದ್ದೆಂದು ತಿಳಿಯಬಹುದು. ಪಂಕ್ತಿ ಐದರ ಗುಂಪು ಎಂಬ ಅರ್ಥದಿಂದ ಹೊರಟು ಸಾಲಿಗೆ ಬಂದ ಸಂಸ್ಕೃತ ಪದ. ಅದು ಪಂತಿಯಾಗಿ, ಪಕಾರವು ಹಕಾರವಾಗುವ ನಿಯಮದಂತೆ ಹಂತಿಯಾಗಿ, ಉತ್ತರ ಕರ್ನಾಟಕದ ಕಣಗಳಲ್ಲಿ ತುಳಿಯುವ ಎತ್ತುಗಳ ಸಾಲಿಗೆ ಹೆಸರಾಗಿ, ಆ ಕೆಲಸದ ಹಾಡುಗಳಿಗೆ ಹಂತಿಪದವೆಂಬ ಹೆಸರನ್ನು ಕೊಟ್ಟಿದೆ. ಶೃಂಗೇರಿಯಲ್ಲಿ ಮಠದ ಭೋಜನಶಾಲೆಯೊಳಗೆ ಕುಳಿತವರದು ಪಂಕ್ತಿ. ಹೊರಗೆ ಬಾಗಿಲು ತೆರೆಯುವುದನ್ನು ಕಾಯುತ್ತ ನಿಂತವರದು ಲೈನು. ಕುಳಿತ ಸಾಲಿಗೂ ನಿಂತ ಸಾಲಿಗೂ ಬೇರೆ ಬೇರೆ ಪದ ಬೇಕೆಂದು ಯಾರೂ ಯೋಜಿಸಿದವರಲ್ಲ. ಆದರೂ ಅಂಥ ವಿಂಗಡಣೆ ಆಗಿಹೋಗಿದೆ. ಎರವಲು ಪದವು ಇದ್ದ ಪದವನ್ನು ಓಡಿಸಿ ಅದರ ಜಾಗದಲ್ಲಿ ಕೂರುತ್ತದೆ ಎಂಬ ಆತಂಕ ಎಲ್ಲ ಸಂದರ್ಭಗಳಿಗೂ ಸಲ್ಲದು ಎಂಬುದಕ್ಕೆ ಇದೊಂದು ಚಿಕ್ಕ ಸಾಕ್ಷಿ.

ರೂಪದ ದೃಷ್ಟಿಯಿಂದ ಲೈನು ಪೂರ್ಣವಾಗಿ ಕನ್ನಡದ ಪದ. ವ್ಯಂಜನಾಂತವಾದ ಇಂಗ್ಲಿಷ್ ಪದಕ್ಕೆ ಉಕಾರ ಸೇರುವಾಗ ಹಿಂದಿನ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಸುತ್ತದೆ: ಬಸ್ಸು, ಕಪ್ಪು. ದೀರ್ಘವೋ ಸಂಧ್ಯಕ್ಷರವೋ ಆಗಿದ್ದರೆ ಇಮ್ಮಡಿಸುವುದಿಲ್ಲ: ಕಾರು, ಲೈನು. ಲೈನಿಗೆ, ಲೈನಿನಿಂದ, ಲೈನುಗಳು, ಲೈನಿನವರು ಎಂದು ಇದು ಯಾವ ತೊಡಕೂ ಇಲ್ಲದೆ ವಿಭಕ್ತಿಗಳನ್ನೂ ಪುರುಷವಾಚಕ ಪ್ರತ್ಯಯವನ್ನೂ ಪಡೆಯುತ್ತದೆ. ‘ಲೈನುಮನೆ’ ಎಂಬ ಸಮಾಸ ಇನ್ನೂ ಕುತೂಹಲಕರವಾದುದು. ಸಂಸ್ಕೃತ ಮತ್ತು ಕನ್ನಡ ಪದಗಳು ಕೂಡಿದರೆ ಅದು ಅರಿಸಮಾಸವೆಂದು ಕೇಶಿರಾಜನ ಕಾಲದಿಂದ ಚರ್ಚೆ ನಡೆದಿದೆ. ಇಂಗ್ಲಿಷ್ ಮತ್ತು ಕನ್ನಡ ಪದಗಳ ಕೂಡಿಕೆಗೆ ಅಂಥ ಚರ್ಚೆಯ ಭಾಗ್ಯವಿಲ್ಲ. ಜನ ಕೇಳದೆಯೇ ಕೂಡಿಸಿದ್ದಾರೆ.

ಮೂರು ತಾಲ್ಲೂಕುಗಳ ದಿನಬಳಕೆಯಲ್ಲಿ ಲೈನಿಗಿರುವ ಇತರ ಅರ್ಥಗಳನ್ನು ಬೇಗನೆ ದಾಟಬಹುದು, ಏಕೆಂದರೆ ಅವು ಕರ್ನಾಟಕದ ಬೇರೆಡೆಗಳಲ್ಲಿಯೂ ಉಂಟು. ವಿದ್ಯುತ್ತಿನ ತಂತಿ ಲೈನು. ಮಳೆಗಾಲದಲ್ಲಿ ಮರ ಬಿದ್ದು ಅದು ಹರಿದಾಗ ಹುಡುಕಿ ಬರುವವನು ಲೈನ್‌ಮನ್. ವಿದ್ಯುತ್ ಕಂಪನಿಗಳು ಆ ಹುದ್ದೆಗೆ ಪವರ್‌ಮ್ಯಾನ್ ಎಂಬ ಹೆಸರನ್ನು ತಂದಿದ್ದರೂ ಊರಿನವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಬೇಸಿಗೆಗೆ ಮೊದಲು ಅರಣ್ಯ ಇಲಾಖೆಯವರು ತರಗೆಲೆ ಸವರಿ ಮಾಡುವ ಬೋಳು ಪಟ್ಟಿ ಫೈರ್‌ಲೈನು. ಬಸ್ಸು ಸಾಗುವ ಮಾರ್ಗವೂ ಲೈನು. ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿ, 2020ರಲ್ಲಿ ಓಡಾಟ ನಿಲ್ಲಿಸಿದ ಕೊಪ್ಪದ ಸಹಕಾರ ಸಾರಿಗೆಯ ಕಾಲದಲ್ಲಿ ಯಾವ ಲೈನಿಗೆ ಎಷ್ಟು ಬಸ್ಸು ಎಂಬುದು ಊರೂರಿನ ಲೆಕ್ಕಾಚಾರವಾಗಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಇದ್ದ ಕಿರುಹಳಿಯ ರೈಲಿನ ದಾರಿಯೂ ಲೈನೇ. ಹುಡುಗರ ಮಾತಿನ ‘ಲೈನ್ ಹೊಡೆಯುವುದು’ ಇಂಗ್ಲಿಷಿಗೆ ಗೊತ್ತಿಲ್ಲದ ಅರ್ಥ. ಅದು ಹಿಂದಿಯ ಹಾದಿಯಿಂದ ಬಂದದ್ದಿರಬೇಕು.

ಈ ಸೀಮೆಗೆ ವಿಶಿಷ್ಟವಾದದ್ದು ತೋಟದ ಲೈನು. ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಕಾಫಿಯ ವಾಣಿಜ್ಯ ಕೃಷಿ ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಯನ್ ಪ್ಲಾಂಟರುಗಳೊಂದಿಗೆ ಹರಡಿತು. ಅದರ ಎಲೆರೋಗಕ್ಕೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾಯಿತು. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ ಪೂರ್ಣಪ್ರಮಾಣದ ಸಂಶೋಧನಾ ಕೇಂದ್ರ ತಲೆಯೆತ್ತಿತು. (ಪದಗಳ ಸಾಗಾಟ ಒಂದೇ ದಿಕ್ಕಿನದಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಮಲೆನಾಡಿನವರ ‘ಕೊಳೆರೋಗ’ ಎಂಬ ಪದವನ್ನು 1876ರಲ್ಲಿ ಕುಕ್ ಎಂಬ ಶಿಲೀಂಧ್ರ ವಿಜ್ಞಾನಿ ಕಾಫಿಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರದ ಲ್ಯಾಟಿನ್ ಹೆಸರಿನೊಳಗೆ ಸೇರಿಸಿದನು. ಅಡಕೆಯ ಕೊಳೆರೋಗದ ಬಗ್ಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಆ ಪದ ಇಂಗ್ಲಿಷ್ ಕೃಷಿಶಾಸ್ತ್ರದಲ್ಲಿ ಇನ್ನಷ್ಟು ನೆಲೆಯೂರಿತು.) ಕಾಫಿಯೊಂದಿಗೆ ಒಂದು ಪದಕೋಶವೇ ಗುಡ್ಡ ಹತ್ತಿ ಬಂದಿತು: ಎಸ್ಟೇಟು, ನರ್ಸರಿ, ಪಲ್ಪರು, ರೈಟರು. ರೈಟರ್ ಎಂಬುದು ಈಸ್ಟ್ ಇಂಡಿಯಾ ಕಂಪನಿಯಲ್ಲಿ ತೀರ ಕೆಳಗಿನ ದರ್ಜೆಯ ನೌಕರನ ಹೆಸರು. ಕಂಪನಿ ಅಳಿದ ಮೇಲೆಯೂ ಕಾಫಿ ತೋಟದ ಹಾಜರಿ ಪುಸ್ತಕ ಬರೆಯುವವನಲ್ಲಿ ಆ ಹೆಸರು ಉಳಿದುಕೊಂಡಿತು. ಇದನ್ನು ಅರಿಯದೆ ರೈಟರ್ ಪದವನ್ನು ‘ಬರಹಗಾರ’ ಎಂದು ಅನುವಾದಿಸಿದರೆ ಆಗುವ ಆಭಾಸವನ್ನು ವಿವರಿಸಬೇಕಾಗಿಲ್ಲ.

ತೋಟದಲ್ಲಿ ಲೈನಿಗೆ ಎರಡು ಅರ್ಥ. ಒಂದು, ಗಿಡ ನೆಡುವ ಕೆಲಸಕ್ಕೆ ಸಂಬಂಧಿಸಿದ್ದು. ಹೊಸ ತೋಟ ಹಾಕುವಾಗ ಅಳತೆಯ ಹಗ್ಗ ಎಳೆದು, ಗಿಡದಿಂದ ಗಿಡಕ್ಕೆ ಇರಬೇಕಾದ ಅಂತರಕ್ಕೆ ಗೂಟ ಹೊಡೆದು, ಅಲ್ಲಿ ಗುಂಡಿ ತೆಗೆಯುತ್ತಾರೆ. ಈ ಹಗ್ಗ ಎಳೆಯುವ ಕೆಲಸಕ್ಕೆ ಪ್ಲಾಂಟರುಗಳ ಇಂಗ್ಲಿಷಿನಲ್ಲಿ ಲೈನಿಂಗ್ ಎಂದು ಹೆಸರು. ಲಂಡನ್ನಿನ ಮಾತಿನಲ್ಲಿ ಹಿಂದೆ ಸರಿದಿದ್ದ ಹಗ್ಗದ ಅರ್ಥ ಹೀಗೆ ಮಲೆನಾಡಿನ ಇಳಿಜಾರಿನಲ್ಲಿ ಹಸಿಯಾಗಿಯೇ ಉಳಿದಿದೆ. ಇನ್ನೊಂದು, ಕಾರ್ಮಿಕರ ವಸತಿ. ಒಂದೇ ಮಾಡಿನ ಕೆಳಗೆ, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಂತೆ, ಮುಂದೆ ಉದ್ದಕ್ಕೂ ಒಂದೇ ಜಗಲಿ ಇರುವ ಕೋಣೆಗಳ ಸಾಲು. ಗಿಡಗಳನ್ನು ಸಾಲಾಗಿ ನಿಲ್ಲಿಸಿದ ಪದವೇ ಆಳುಗಳನ್ನೂ ಸಾಲಾಗಿ ನಿಲ್ಲಿಸಿತು. ಎರಡೂ ಒಂದೇ ಆಡಳಿತದ ಕಣ್ಣಿಗೆ ಕಾಣುವ ರೀತಿ: ಎಣಿಸಲು ಸುಲಭವಾಗಬೇಕು.

ವಸತಿಯ ಈ ಅರ್ಥ ತೋಟದಲ್ಲಿ ಹುಟ್ಟಿದ್ದಲ್ಲ, ದಂಡಿನಿಂದ ಬಂದದ್ದು. ಬ್ರಿಟಿಷ್ ಸೈನ್ಯದ ಭಾಷೆಯಲ್ಲಿ ಸಿಪಾಯಿಗಳ ಗುಡಿಸಲುಗಳ ಸಾಲುಗಳಿಗೆ ಲೈನ್ಸ್ ಎಂಬ ಬಹುವಚನರೂಪ ರೂಢಿಯಲ್ಲಿತ್ತು. ಉತ್ತರ ಭಾರತದ ನಗರಗಳ ಸಿವಿಲ್ ಲೈನ್ಸ್, ನಮ್ಮ ಪಟ್ಟಣಗಳ ಪೊಲೀಸ್ ಲೈನ್ ಅದರ ಶಾಖೆಗಳು. ಸಿಂಹಳ, ಮಲಯ, ಅಸ್ಸಾಂ, ನೀಲಗಿರಿ, ಕೊಡಗು, ಚಿಕ್ಕಮಗಳೂರು ಎಲ್ಲೆಡೆಯೂ ತೋಟದ ಆಡಳಿತ ಅದೇ ಪದವನ್ನು ಬಳಸಿತು. ಶ್ರೀಲಂಕಾದ ಮಲೆನಾಡಿನ ತಮಿಳರಲ್ಲಿ ಅದು ‘ಲಯನ್’, ‘ಲಯಂ’ ಆಯಿತು. ಮೂನ್ನಾರಿನ ಮಲೆಯಾಳದಲ್ಲಿಯೂ ಲಯಂ ಎಂದೇ ಹೆಸರು. 2020ರ ಆಗಸ್ಟ್ 6ರ ರಾತ್ರಿ ಪೆಟ್ಟಿಮುಡಿಯಲ್ಲಿ ಕುಸಿದ ಗುಡ್ಡದ ಅಡಿಯಲ್ಲಿ ಸಿಲುಕಿದ್ದು ಈ ಲಯಗಳೇ. ಕುದುರೆ ಕಟ್ಟುವ ‘ಲಾಯ’ಕ್ಕೂ ಇದಕ್ಕೂ ಧ್ವನಿಸಾಮ್ಯ ಕಾಣುವುದರಿಂದ ಎರಡನ್ನೂ ಒಂದೇ ಎಂದು ಭಾವಿಸುವ ಆಸೆ ಯಾರಿಗಾದರೂ ಹುಟ್ಟಬಹುದು, ಕೋಣೆಗಳ ಸ್ಥಿತಿಯನ್ನು ನೋಡಿದವರಿಗಂತೂ ಇನ್ನೂ ಹೆಚ್ಚು. ಆದರೆ ಅದು ಜನಪದ ನಿಷ್ಪತ್ತಿ ಮಾತ್ರ. ಲಯಂ ಬಂದದ್ದು ಲೈನ್‌ನಿಂದ.

ವಯನಾಡಿನಲ್ಲಿ ಮಾತ್ರ ಇದೇ ವಸತಿಗೆ ‘ಪಾಡಿ’ ಎಂಬ ದ್ರಾವಿಡ ಪದ ಬಳಕೆಯಲ್ಲಿದೆ. ಕೊಡಗಿನ ಬುಡಕಟ್ಟುಗಳ ಹಾಡಿಯ ಸಂಬಂಧಿ ಇದು. ತಮಿಳಿನಲ್ಲಿ ಪಾಡಿಗೆ ಊರು ಎಂಬುದರೊಂದಿಗೆ ಪಡೆ ತಂಗುವ ಸ್ಥಳ ಎಂಬ ಅರ್ಥವೂ ಇದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಲೆನಾಡಿನ ಕನ್ನಡಕ್ಕೆ ಹಿಂದಿರುಗಬೇಕು. ಲೈನು ಬರುವುದಕ್ಕೆ ಮೊದಲು, ಬಂದ ಮೇಲೂ ಬಹುಕಾಲ, ಆಳುಗಳ ವಸತಿಗೆ ಇಲ್ಲಿ ಇದ್ದ ಪದ ‘ಬಿಡಾರ’. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳನ್ನು ಓದಿದವರಿಗೆ ಈ ಪದ ಚಿರಪರಿಚಿತ. ಬಿಡಾರವು ಬಿಡು, ಬೀಡು ಪದಗಳ ಬಳಗಕ್ಕೆ ಸೇರಿದ್ದು. ಬೀಡು ಎಂದರೆ ದಂಡು ಇಳಿದುಕೊಳ್ಳುವ ಜಾಗ. ಹಳಗನ್ನಡ ಶಾಸನಗಳಲ್ಲಿ ಅರಸನು ನೆಲೆಸಿದ ಸ್ಥಳ ನೆಲೆವೀಡು. ಅದೇ ಬಳಗದ ಒಂದು ಪದ ಅರಸನೊಂದಿಗೆ ಹೋಗಿ ರಾಜಧಾನಿಯಾಯಿತು, ಇನ್ನೊಂದು ಆಳಿನೊಂದಿಗೆ ಬಂದು ಗುಡಿಸಲಾಯಿತು. ಬೀಡು, ಪಾಡಿ, ಲೈನು ಮೂರೂ ದಂಡಿನ ತಂಗುದಾಣದ ನೆನಪನ್ನು ಹೊತ್ತ ಪದಗಳೆಂಬುದು ಆಕಸ್ಮಿಕವಾಗಿರಲಾರದು. ದುಡಿಯಲು ಕರೆತಂದವರು ಇಲ್ಲಿ ನೆಲೆಸಿದವರಲ್ಲ, ಇಳಿದುಕೊಂಡವರು ಎಂಬ ತಿಳಿವಳಿಕೆ ಮೂರರಲ್ಲಿಯೂ ಸಮಾನವಾಗಿದೆ.

ಆದರೂ ಬಿಡಾರ ಮತ್ತು ಲೈನು ಪರ್ಯಾಯ ಪದಗಳಲ್ಲ. ಬಿಡಾರ ಒಂಟಿಯಾಗಿರಬಲ್ಲದು. ಅಡಕೆ ತೋಟದ ಅಂಚಿನಲ್ಲಿ, ಗದ್ದೆಯ ದಿಬ್ಬದಲ್ಲಿ, ಒಂದು ಕುಟುಂಬ ತಾನೇ ಮಣ್ಣು ಮೆತ್ತಿ ಸೋಗೆ ಹೊದಿಸಿದ್ದು ಬಿಡಾರ. ಅದರ ಹಿಂದೆ ಒಡೆಯನ ಮನೆಯೊಂದಿಗೆ ತಲೆಮಾರುಗಳ ಋಣ, ಹಂಗು, ದಬ್ಬಾಳಿಕೆ ಎಲ್ಲವೂ ಇದ್ದವು. ಅದನ್ನು ಸುಂದರಗೊಳಿಸಿ ನೋಡುವ ಅಗತ್ಯವಿಲ್ಲ. ಘಟ್ಟದ ಕೆಳಗಿನ ಆಳುಗಳನ್ನು ಕರೆತರುತ್ತಿದ್ದ ಸೇರೆಗಾರನ ಜನರೂ ಬಿಡಾರಗಳಲ್ಲಿಯೇ ಇರುತ್ತಿದ್ದರು. ಲೈನು ಎಂದೂ ಒಂಟಿಯಲ್ಲ. ಅದನ್ನು ಕಟ್ಟಿಸುವುದು ಎಸ್ಟೇಟು, ಕೋಣೆ ಹಂಚುವುದು ರೈಟರು, ಕೋಣೆಗಿರುವುದು ಹೆಸರಲ್ಲ, ನಂಬರು. ಅಲ್ಲಿ ತುಳು ಆಡುವವರೂ ತಮಿಳರೂ ಒಂದೇ ಜಗಲಿಯ ಮೇಲೆ ಒಲೆ ಹೂಡಿದರು. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರು ಅವೇ ಕೋಣೆಗಳಲ್ಲಿದ್ದಾರೆ. ಮಾತೃಭಾಷೆ ಯಾವುದೇ ಇರಲಿ, ಎಲ್ಲರಿಗೂ ಸಾಮಾನ್ಯವಾದ ಪದ ಲೈನು.

ಎಸ್ಟೇಟಿನೊಳಗಿನ ವಸತಿಪದಗಳ ಶ್ರೇಣಿಯನ್ನು ನೋಡಿದರೆ ಇದು ಮತ್ತಷ್ಟು ಸ್ಪಷ್ಟವಾಗುತ್ತದೆ. ದೊರೆ ಇರುವುದು ಬಂಗಲೆಯಲ್ಲಿ, ರೈಟರು ಕ್ವಾರ್ಟರ್ಸಿನಲ್ಲಿ, ಆಳುಗಳು ಲೈನಿನಲ್ಲಿ. ಮೂರೂ ಹೊರಗಿನ ಪದಗಳೇ. ಬಂಗಲೆ ಬಂಗಾಳದ ಮನೆಯ ಮಾದರಿಯಿಂದ, ಉಳಿದೆರಡು ಸೈನ್ಯದಿಂದ. ಕ್ವಾರ್ಟರ್ಸು ಇಂಗ್ಲಿಷಿನ ಬಹುವಚನದ ಸಕಾರವನ್ನು ಉಳಿಸಿಕೊಂಡಿದೆ, ಲೈನು ಅದನ್ನು ಕಳಚಿದೆ. ಒಂದು ಗುಮಾಸ್ತರ ಬರಹದ ಮೂಲಕ, ಇನ್ನೊಂದು ಆಳುಗಳ ಬಾಯಿಯ ಮೂಲಕ ಕನ್ನಡವನ್ನು ಹೊಕ್ಕಿತೆಂದು ಈ ವ್ಯತ್ಯಾಸವನ್ನು ವಿವರಿಸಿಕೊಳ್ಳಬಹುದು. ಲೈನಿನ ಹುಡುಗ ಓದಿ ಕ್ವಾರ್ಟರ್ಸಿಗೆ ಹೋದ ಎಂದರೆ ಹತ್ತಾರು ಮಾರು ದೂರ ಹೋದ ಎಂದಲ್ಲ, ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿದ ಎಂದು.

ಪದದ ಈ ಗಡಿ ಕಾನೂನಿನಲ್ಲಿಯೂ ಇದೆ ಎಂಬುದು ಭಾಷಾಧ್ಯಯನದವರು ಗಮನಿಸಬೇಕಾದ ಸಂಗತಿ. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 38ನೆಯ ಪ್ರಕರಣವು, 1970ರ ದಶಕದ ತಿದ್ದುಪಡಿಗಳ ತರುವಾಯ, ಬೇರೆಯವರ ಜಮೀನಿನ ಮನೆಯಲ್ಲಿ ವಾಸವಾಗಿದ್ದ ಕೃಷಿ ಕಾರ್ಮಿಕನಿಗೆ ಆ ಮನೆಯನ್ನೂ ಅದರ ನಿವೇಶನವನ್ನೂ ತನ್ನ ಹೆಸರಿಗೆ ನೋಂದಾಯಿಸಿಕೊಳ್ಳುವ ಹಕ್ಕನ್ನು ಕೊಟ್ಟಿತು. ಆದರೆ ಅದೇ ಕಾಯಿದೆಯ 104ನೆಯ ಪ್ರಕರಣ 38ನೆಯದು ಪ್ಲಾಂಟೇಶನ್‌ಗಳಿಗೆ ಅನ್ವಯಿಸದಂತೆ ಮಾಡಿತು. ಆ ಕಾಯಿದೆಯ ದೃಷ್ಟಿಯಲ್ಲಿ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸು ಪ್ಲಾಂಟೇಶನ್ ಬೆಳೆಗಳು. ಆಗಿನ ವ್ಯಾಖ್ಯೆಯಲ್ಲಿ ಅಡಕೆ ಸೇರಿರಲಿಲ್ಲ. ಪರಿಣಾಮವಾಗಿ ಅಡಕೆ ತೋಟದ ಅಂಚಿನ ಬಿಡಾರದವನು ಅರ್ಜಿ ಹಾಕಿ ಮನೆಯ ಒಡೆಯನಾಗಲು ಕಾನೂನಿನ ದಾರಿಯಿತ್ತು. ಪಕ್ಕದ ಗುಡ್ಡದ ಕಾಫಿ ಎಸ್ಟೇಟಿನ ಲೈನಿನವನಿಗೆ ಆ ದಾರಿ ಇರಲಿಲ್ಲ. ಇಬ್ಬರೂ ಒಂದೇ ಸಂತೆಗೆ ಬರುವವರು, ಒಂದೇ ಮಾತನ್ನಾಡುವವರು ಆಗಿದ್ದರೂ ಒಬ್ಬನ ಮನೆಯ ಹೆಸರು ಬಿಡಾರ, ಇನ್ನೊಬ್ಬನದು ಲೈನು. ಅಡಕೆ ಮತ್ತು ಕಾಫಿ ಒಂದರ ಮಗ್ಗುಲಲ್ಲಿ ಒಂದು ಬೆಳೆಯುವ ಈ ಮೂರು ತಾಲ್ಲೂಕುಗಳಲ್ಲಿ ಈ ಗಡಿ ಊರೂರ ನಡುವೆ, ಕೆಲವೊಮ್ಮೆ ಒಂದೇ ಊರಿನೊಳಗೆ ಹಾದುಹೋಗುತ್ತದೆ.

ಲೈನಿನವನಿಗೆ ದೊರೆತದ್ದು ಬೇರೆ ಬಗೆಯ ಹಕ್ಕು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೂ ಅವರ ಕುಟುಂಬಗಳಿಗೂ ವಸತಿ ಒದಗಿಸುವುದನ್ನು ಮಾಲೀಕರ ಕರ್ತವ್ಯವನ್ನಾಗಿ ಮಾಡಿತು. 1981ರ ತಿದ್ದುಪಡಿ ಅಂಥ ಮನೆ ಕುಸಿದು ಸಾವುನೋವಾದರೆ ಪರಿಹಾರದ ಹೊಣೆಯನ್ನೂ ಮಾಲೀಕರಿಗೆ ಹೊರಿಸಿತು. ಈ ಕಾಯಿದೆಯನ್ನು ಬಳಿಕ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿಲೀನಗೊಳಿಸಲಾಯಿತು. ಇದು ಕೆಲಸದೊಂದಿಗೆ ಬರುವ ವಸತಿಯ ಹಕ್ಕು, ನೆಲದ ಹಕ್ಕಲ್ಲ. ಕೆಲಸ ಮುಗಿದಾಗ ಕೋಣೆಯೂ ಮುಗಿಯುತ್ತದೆ. ‘ಲೈನು ಬಿಟ್ಟರು’ ಎಂಬ ಮಾತಿಗೆ ತೋಟದಲ್ಲಿ ಕೆಲಸ ಬಿಟ್ಟರು ಎಂಬ ಅರ್ಥವೂ ಕೂಡಿಕೊಂಡಿರುವುದಕ್ಕೆ ಇದೇ ಕಾರಣ. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಬಾಳಿದವರ ಬಾಯಲ್ಲಿಯೂ ‘ನಮ್ಮ ಊರು’ ಎಂದರೆ ಬೇರೆ ಎಲ್ಲಿಯೋ ಇರುವ ಊರು.

ಇಂಗ್ಲಿಷ್–ಕನ್ನಡ ನಿಘಂಟುಗಳು ಲೈನ್ ಪದಕ್ಕೆ ಗೆರೆ, ರೇಖೆ, ಸಾಲು, ಪಂಕ್ತಿ, ಹಗ್ಗ ಮೊದಲಾದ ಅರ್ಥಗಳನ್ನು ಕೊಡುತ್ತವೆ. ಇಂಗ್ಲಿಷ್ ಪದವನ್ನು ಕನ್ನಡಿಗರಿಗೆ ವಿವರಿಸುವುದು ಅವುಗಳ ಉದ್ದೇಶವಾದ್ದರಿಂದ ಇದರಲ್ಲಿ ದೋಷವಿಲ್ಲ. ಕನ್ನಡದಲ್ಲಿ ಬಾಳುತ್ತಿರುವ ‘ಲೈನು’ ಪದಕ್ಕೆ ಬೇಕಾದದ್ದು ಬೇರೆ ಬಗೆಯ ದಾಖಲೆ. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗಾಗಿಯೇ ಒಂದು ಕೋಶವನ್ನು ರಚಿಸಿ, ಅವು ಅಧ್ಯಯನಕ್ಕೆ ಅರ್ಹವಾದ ವಸ್ತು ಎಂಬುದನ್ನು ತೋರಿಸಿಕೊಟ್ಟಿದ್ದಾರೆ. ಅದರ ಮುಂದಿನ ಹೆಜ್ಜೆಯೆಂದರೆ ಎರವಲು ಪದಗಳ ಪ್ರಾದೇಶಿಕ ಅರ್ಥಗಳನ್ನು ದೇಶ್ಯ ಪದಗಳಿಗೆ ಸಲ್ಲಿಸುವಷ್ಟೇ ಶ್ರದ್ಧೆಯಿಂದ ಸಂಗ್ರಹಿಸುವುದು. ಲೈನಿನ ಮಟ್ಟಿಗೆ ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಸೇರೆಗಾರರ ಕಾಲವನ್ನು ಕಂಡ ಹಿರಿಯರು ವಿರಳವಾಗುತ್ತಿದ್ದಾರೆ. ಎಸ್ಟೇಟುಗಳ ಹಳೆಯ ಹಾಜರಿ ಪುಸ್ತಕಗಳಲ್ಲಿ ಲೈನು ನಂಬರು, ಕೋಣೆ ನಂಬರು, ಕರೆತಂದ ಮೇಸ್ತ್ರಿಯ ಹೆಸರು ಜೊತೆಜೊತೆಗೆ ಇರುತ್ತವೆ. ಮಲೆನಾಡಿನ ಮಳೆಯಲ್ಲಿ ಕಾಗದಕ್ಕೆ ಹೆಚ್ಚು ಆಯುಷ್ಯವಿಲ್ಲ. ನಿಘಂಟಿನಲ್ಲಿ ಈ ಪದಕ್ಕೆ ನಮೂದು ಬರೆಯುವಾಗ ಗೆರೆ, ಸಾಲು, ತಂತಿ, ಮಾರ್ಗಗಳ ಬಳಿಕ ಕೊನೆಯಲ್ಲಿ ‘ಕೂಲಿಗಳ ವಸತಿ’ ಎಂದು ಸೇರಿಸಿದರೆ ಸಾಲದು. ಮಲೆನಾಡಿನ ಪ್ರಯೋಗವೆಂದು ಗುರುತಿಸಿ, ಲೈನುಮನೆ, ಲೈನಿನವರು, ಲೈನು ಬಿಡು ಎಂಬ ಉಕ್ತಿಗಳೊಂದಿಗೆ ಅದನ್ನು ಪ್ರತ್ಯೇಕ ನಮೂದಾಗಿಯೇ ಕೊಟ್ಟು, ಬಿಡಾರ ಪದದ ಕೆಳಗೆ ಲೈನನ್ನೂ ಲೈನಿನ ಕೆಳಗೆ ಬಿಡಾರವನ್ನೂ ಹೋಲಿಕೆಗೆ ಸೂಚಿಸಬೇಕು.